ಗುಂಡನ ಮೇವು: ಮಾರುಕಟ್ಟೆಯ ಸೊಪ್ಪು, ಹಿತ್ತಲಿನ ಗರಿಕೆ

ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಹದಿನೈದು ವರ್ಷಗಳಿಂದ ನನಗೆ ಸೊಪ್ಪು ಕೊಡುತ್ತಿರುವ ಅಜ್ಜಿಯೊಬ್ಬರಿದ್ದಾರೆ. ಒಂದು ಬೆಳಿಗ್ಗೆ ನಾನು ದಂಟಿನ ಕಟ್ಟನ್ನೂ ಪಾಲಕ್ ಕಟ್ಟನ್ನೂ ಪಕ್ಕಕ್ಕೆ ಸರಿಸಿ, ಮೂಲಂಗಿಯಿಂದ ಕತ್ತರಿಸಿ ಅವರು ಹಿಂದಕ್ಕೆ ಹಾಕಿದ್ದ ಸೊಪ್ಪನ್ನು ಕೇಳಿದೆ. "ಯಾಕ್ ಟೀಚರಮ್ಮ, ಮನೇಲಿ ಹಸ ಕಟ್ಟಿದ್ದೀರಾ?" ಎಂದರು. ಹಸುವಲ್ಲ, ಆಮೆ ಎಂದೆ. ನಮ್ಮ ಕಡೆ ಆಮೆಯೆಂದರೆ ಕೆರೆಯಲ್ಲಿಯೋ ಬಾವಿಯಲ್ಲಿಯೋ ಇರುವ ಪ್ರಾಣಿಯಾದ್ದರಿಂದ, ಆಮೆ ಸೊಪ್ಪು ತಿನ್ನುತ್ತದೆ ಎಂಬುದನ್ನು ನಂಬಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆದರೆ ಆ ಆಮೆಗೆ ದಂಟು, ಪಾಲಕ್ ಯಾಕೆ ಆಗಿಬರುವುದಿಲ್ಲ ಎಂಬುದನ್ನು ತಿಳಿಯಲು ನನಗೆ ಹಿಡಿದದ್ದು ಆರು ತಿಂಗಳು. ಪ್ರೌಢಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಜೀವಶಾಸ್ತ್ರ ಹೇಳಿಕೊಟ್ಟವಳು ನಾನು. ಆದರೂ ನನ್ನನ್ನೇ ನಂಬಿ ಮನೆಗೆ ಬಂದ ಒಂದು ಜೀವಕ್ಕೆ ಅಷ್ಟು ದಿನ ತಪ್ಪು ಮೇವು ಹಾಕಿದೆ. ಬೇರೆ ಮನೆಗಳಲ್ಲಿ ಅದೇ ತಪ್ಪು ಆಗದಿರಲಿ ಎಂದು ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ನಮ್ಮ ಗುಂಡ ಸುಲ್ಕಾಟ ಜಾತಿಯ ನೆಲದ ಆಮೆ. ಸಹಾರಾ ಮರುಭೂಮಿಯ ದಕ್ಷಿಣದಂಚಿನಲ್ಲಿ, ಸೆನೆಗಲ್‌ನಿಂದ ಇಥಿಯೋಪಿಯದವರೆಗೆ ಹಬ್ಬಿರುವ ಒಣ ಹುಲ್ಲುಗಾವಲು ಈ ಜಾತಿಯ ತವರು. ಗಾತ್ರದಲ್ಲಿ ಗಲಾಪಗೋಸ್ ಮತ್ತು ಅಲ್ಡಾಬ್ರ ದ್ವೀಪಗಳ ಆಮೆಗಳನ್ನು ಬಿಟ್ಟರೆ ನೆಲದ ಆಮೆಗಳಲ್ಲಿ ಇದೇ ದೊಡ್ಡದು. ಬೆಳೆದ ಗಂಡು 50 ಕಿಲೋ ದಾಟುವುದು ಅಪರೂಪವಲ್ಲ. ಬೆಂಗಳೂರಿನಲ್ಲಿದ್ದ ನಮ್ಮ ಅಣ್ಣನ ಮಗ 2022ರಲ್ಲಿ ಕೆಲಸದ ಮೇಲೆ ಪರದೇಶಕ್ಕೆ ಹೊರಟಾಗ ಗುಂಡನನ್ನು ನನ್ನ ವಶಕ್ಕೆ ಕೊಟ್ಟು ಹೋದ. ಆಗ ಅದು ನನ್ನ ಅಂಗೈಯಗಲವಿತ್ತು, ತೂಕ 310 ಗ್ರಾಂ.

ಮುಂದಕ್ಕೆ ಹೋಗುವ ಮೊದಲು ಒಂದು ಮಾತು. ನಮ್ಮ ನಾಡಿನದೇ ಆದ ನಕ್ಷತ್ರ ಆಮೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಮನೆಯಲ್ಲಿದ್ದರೆ ಅದೃಷ್ಟ ಕೂಡಿಬರುತ್ತದೆ ಎಂಬ ನಂಬಿಕೆಯಿಂದ ಅದನ್ನು ಕದ್ದು ಮಾರುವ ದಂಧೆ ಎಷ್ಟು ಬೆಳೆಯಿತೆಂದರೆ, 2019ರಲ್ಲಿ ಅದನ್ನು, ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟ್ಸ್ ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಯಾದ ಮೊದಲನೆಯ ಅನುಬಂಧಕ್ಕೆ ಸೇರಿಸಬೇಕಾಯಿತು. ಅಂಥ ಆಮೆ ಯಾರದಾದರೂ ಕೈಗೆ ಸಿಕ್ಕಿದರೆ ಅದಕ್ಕೆ ಏನು ತಿನ್ನಿಸಬೇಕೆಂದು ಯೋಚಿಸದೆ ಅರಣ್ಯ ಇಲಾಖೆಗೆ ಒಪ್ಪಿಸಬೇಕು. ಗುಂಡನಂಥ ವಿದೇಶಿ ಜಾತಿಗಳನ್ನೂ ಸುಮ್ಮನೆ ಸಾಕಿಕೊಳ್ಳುವಂತಿಲ್ಲ. 2024ರ ಫೆಬ್ರವರಿಯಲ್ಲಿ ಪ್ರಕಟವಾದ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದ ಮೂಲಕ ನೋಂದಣಿ ಮಾಡಿಸಬೇಕು. ನಾವು ಮಾಡಿಸಿದ್ದೇವೆ.

ಗುಂಡನ ಜೊತೆಗೆ ಬಂದ ಸಲಹೆ ಒಂದು ಸಾಕುಪ್ರಾಣಿ ಅಂಗಡಿಯದು: ಸೌತೆಕಾಯಿ, ಟೊಮೆಟೊ, ಎಲೆಕೋಸು. ಇದು ತೀರ ಬಡ ಊಟವಾಯಿತು ಎಂದುಕೊಂಡು ಅದರ ಜೊತೆಗೆ ಪಾಲಕ್ ಮತ್ತು ದಂಟನ್ನು ಸೇರಿಸಿದವಳು ನಾನು. ಬಾಣಂತಿಯರಿಗೆ, ರಕ್ತ ಕಡಿಮೆಯಿರುವ ಮಕ್ಕಳಿಗೆ ಸೊಪ್ಪು ತಿನ್ನಿ ಎಂದು ಹೇಳುತ್ತಾ ಬಂದವಳಿಗೆ, ಸೊಪ್ಪಿನಲ್ಲಿ ಹಸಿರು ಹೆಚ್ಚಿದ್ದಷ್ಟೂ ಒಳ್ಳೆಯದು ಎನ್ನಿಸಿದ್ದು ಸಹಜ. ಗುಂಡ ಅದನ್ನೆಲ್ಲ ಆಸೆಯಿಂದ ತಿನ್ನುತ್ತಿತ್ತು, ತಿನ್ನುವುದನ್ನು ನೋಡಿ ನನಗೂ ಸಂತೋಷವಾಗುತ್ತಿತ್ತು. ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಅದು ನಡೆಯುವಾಗ ಹೊಟ್ಟೆಯನ್ನು ನೆಲಕ್ಕೆ ಎಳೆಯತೊಡಗಿತು. ಚಿಪ್ಪಿನ ಅಂಚನ್ನು ಬೆರಳಿನಿಂದ ಒತ್ತಿದರೆ ಎಳನೀರಿನ ಗಂಜಿಯ ಹೊರಪದರದಂತೆ ಸ್ವಲ್ಪ ಬಾಗುತ್ತಿತ್ತು. ಆಮೆಯ ಮೂತ್ರದಲ್ಲಿ ಬಿಳಿ ಕೆನೆಯಂಥ ಯೂರೇಟ್ ಇರುವುದು ಸಹಜವೇ. ಆದರೆ ಬೋಗುಣಿಯ ತಳದಲ್ಲಿ ಉಳಿಯುತ್ತಿದ್ದುದು ಬೆರಳಿಗೆ ಸಣ್ಣ ಮರಳಿನಂತೆ ಸಿಗುತ್ತಿತ್ತು. ಪಶುವೈದ್ಯರು ಎಕ್ಸ್‌ರೇ ತೆಗೆಸಿ, ಮೂಳೆ ತೆಳುವಾಗಿದೆ, ದೇಹಕ್ಕೆ ಕ್ಯಾಲ್ಸಿಯಂ ಸಿಗುತ್ತಿಲ್ಲ ಎಂದರು. ಏನು ತಿನ್ನಿಸುತ್ತೀರಿ ಎಂದು ಅವರು ಕೇಳಿದಾಗ ನಾನು ಹೇಳಿದ ಪಟ್ಟಿಯಲ್ಲಿ ತಪ್ಪಿಲ್ಲದ ಪದಾರ್ಥ ಒಂದೂ ಇರಲಿಲ್ಲ.

ಪಾಲಕ್ ಸೊಪ್ಪಿನ ಪಲ್ಯ ತಿಂದ ಮೇಲೆ ಹಲ್ಲಿನ ಮೇಲೆ ಒರಟೊರಟಾಗಿ ಏನೋ ಸವರಿದ ಹಾಗೆ ಆಗುವುದು ಎಲ್ಲರ ಅನುಭವಕ್ಕೂ ಬಂದಿರುತ್ತದೆ. ಅದು ಆಕ್ಸಾಲಿಕ್ ಆಮ್ಲದ ಕೆಲಸ. ಈ ಆಮ್ಲ ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಹರಳಾಗುತ್ತದೆ, ಹರಳಾದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಹೋಗಲಾರದು. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇದೆ ಎಂದು ಪುಸ್ತಕದಲ್ಲಿ ಬರೆದಿರುವುದು ಸುಳ್ಳಲ್ಲ, ಆದರೆ ಆ ಕ್ಯಾಲ್ಸಿಯಂನ ಬಹುಪಾಲು ಬೀಗ ಹಾಕಿದ ಪೆಟ್ಟಿಗೆಯಲ್ಲಿದೆ. ದಂಟು, ಹರಿವೆ, ಬಸಳೆ, ಚಕ್ಕೋತ, ಗೋಣಿಸೊಪ್ಪು, ಬೀಟ್‌ರೂಟ್ ಸೊಪ್ಪು, ಪುಂಡಿ ಎಲ್ಲವೂ ಇದೇ ಬಳಗದವು. ನಾವು ಬಸ್ಸಾರಿಗೆ ಸೊಪ್ಪು ಬೇಯಿಸಿ ಬಸಿದಾಗ ಆಮ್ಲದ ಒಂದು ಭಾಗ ನೀರಿಗೆ ಇಳಿಯುತ್ತದೆ. ಸಾಲದ್ದಕ್ಕೆ ನಮ್ಮ ಊಟದಲ್ಲಿ ಮುದ್ದೆಯಿದೆ, ಮಜ್ಜಿಗೆಯಿದೆ, ಕ್ಯಾಲ್ಸಿಯಂ ಬೇರೆ ದಾರಿಯಿಂದಲೂ ಬರುತ್ತದೆ. ಆಮೆ ತಿನ್ನುವುದು ಹಸಿ ಸೊಪ್ಪನ್ನು, ತಿಂಗಳುಗಟ್ಟಲೆ ಅದೊಂದನ್ನೇ, ಅದೂ ಬೆನ್ನ ಮೇಲೊಂದು ಮೂಳೆಯ ಮನೆಯನ್ನು ಕಟ್ಟಿಕೊಳ್ಳಬೇಕಾದ ವಯಸ್ಸಿನಲ್ಲಿ. ಹೀಗಾಗಿ ಹಾಸನದ ಅಡುಗೆಮನೆಯಲ್ಲಿ ಯಾವ ಸೊಪ್ಪಿಗೆ ಹೆಚ್ಚು ಬೆಲೆಯೋ ಸರಿಸುಮಾರು ಅದೇ ಸೊಪ್ಪು ಗುಂಡನಿಗೆ ಆಗದ್ದು ಎಂಬುದನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಾಯಿತು. ಎಂದಾದರೂ ಒಮ್ಮೆ ಒಂದೆರಡು ಎಲೆ ಬಾಯಿಗೆ ಸಿಕ್ಕಿದರೆ ಅನಾಹುತವಾಗುವುದಿಲ್ಲ, ಅದು ದಿನದ ಊಟವಾಗಬಾರದು ಅಷ್ಟೆ.

ಸೌತೆಕಾಯಿಯದು ಬೇರೆ ತೊಂದರೆ. ಅದರಲ್ಲಿ ಶೇಕಡ 95ರಷ್ಟು ನೀರೇ ಇರುವುದರಿಂದ ಹೊಟ್ಟೆ ತುಂಬುತ್ತದೆ, ಮೈಗೆ ಏನೂ ಸೇರುವುದಿಲ್ಲ. ಟೊಮೆಟೊ, ಬಾಳೆಹಣ್ಣುಗಳಲ್ಲಿ ಕ್ಯಾಲ್ಸಿಯಂಗಿಂತ ರಂಜಕವೇ ಹೆಚ್ಚು. ಆಮೆಯ ಮೇವಿನಲ್ಲಿ ಕ್ಯಾಲ್ಸಿಯಂ ರಂಜಕದ ಎರಡರಷ್ಟಾದರೂ ಇರಬೇಕು. ಎಲೆಕೋಸು, ಹೂಕೋಸಿನ ಎಲೆ, ನವಿಲುಕೋಸಿನ ಎಲೆಗಳಲ್ಲಿ ಥೈರಾಯ್ಡ್ ಗ್ರಂಥಿಯ ಕೆಲಸಕ್ಕೆ ಅಡ್ಡಬರುವ ಅಂಶಗಳಿವೆ. ಅಪರೂಪಕ್ಕೆ ಕೊಟ್ಟರೆ ಅಡ್ಡಿಯಿಲ್ಲ, ಪ್ರತಿದಿನ ಬೇಡ.

ಸುಲ್ಕಾಟ ಆಮೆ ಮೂಲತಃ ಹುಲ್ಲು ಮೇಯುವ ಪ್ರಾಣಿ ಎಂಬ ಒಂದೇ ಸಂಗತಿಯನ್ನು ಮೊದಲ ದಿನವೇ ಯಾರಾದರೂ ಹೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಹಸುವಿಗೆ ನಾರನ್ನು ಕರಗಿಸುವ ಸೂಕ್ಷ್ಮಜೀವಿಗಳು ಹೊಟ್ಟೆಯ ಮೊದಲ ಕೋಣೆಯಲ್ಲಿದ್ದರೆ, ಈ ಆಮೆಗೆ ಅವು ಕರುಳಿನ ಕೊನೆಯ ಭಾಗದಲ್ಲಿ, ದೊಡ್ಡ ಕರುಳಿನಲ್ಲಿವೆ. ಅವಕ್ಕೆ ಬೇಕಾದದ್ದು ಒರಟು ನಾರು. ಸಕ್ಕರೆ ಹೋಗಿ ಸೇರಿದರೆ ಅಲ್ಲಿ ಬೇರೆ ಜಾತಿಯ ಸೂಕ್ಷ್ಮಜೀವಿಗಳು ಹೆಚ್ಚಿ, ಹುದುಗೆದ್ದು, ಭೇದಿಯಾಗುತ್ತದೆ. 2023ರ ಯುಗಾದಿಗೆ ಬಂದಿದ್ದ ನೆಂಟರ ಮಕ್ಕಳು ಪ್ರೀತಿಯಿಂದ ಎರಡು ಏಲಕ್ಕಿ ಬಾಳೆಹಣ್ಣು ತಿನ್ನಿಸಿದ್ದರಿಂದ ಗುಂಡ ಮೂರು ದಿನ ನರಳಿತು. ಅಂದಿನಿಂದ ನಮ್ಮ ಮನೆಯಲ್ಲಿ ಗುಂಡನಿಗೆ ಹಣ್ಣು ಇಲ್ಲ, ಅನ್ನವಿಲ್ಲ, ಚಪಾತಿಯಿಲ್ಲ. ಹಣ್ಣನ್ನು ಚೆನ್ನಾಗಿ ಅರಗಿಸಿಕೊಳ್ಳುವ ಕಾಡಿನ ಆಮೆಜಾತಿಗಳೂ ಇವೆ. ಆದ್ದರಿಂದ ತಮ್ಮ ಮನೆಯಲ್ಲಿರುವುದು ಯಾವ ಜಾತಿ ಎಂದು ಖಚಿತ ಮಾಡಿಕೊಳ್ಳದೆ ಯಾರೂ ನನ್ನ ಮಾತನ್ನು ಹಾಗೆಯೇ ಅನುಸರಿಸಬಾರದು.

ಈಗ ಗುಂಡನ ಊಟದಲ್ಲಿ ಹತ್ತರಲ್ಲಿ ಎಂಟು ಪಾಲು ಹುಲ್ಲು. ಅದರಲ್ಲೂ ಗರಿಕೆ. ಗಣಪತಿಗೆ ಏರಿಸುವ, ಹೊಲದಲ್ಲಿ ಬಂದರೆ ರೈತನಿಗೆ ತಲೆನೋವಾಗುವ, ಕಿತ್ತಷ್ಟೂ ಚಿಗುರುವ ಅದೇ ಗರಿಕೆ. ಪರದೇಶಗಳಲ್ಲಿ ಸುಲ್ಕಾಟ ಸಾಕುವವರು ಬರ್ಮುಡಾ ಹುಲ್ಲು ಎಂದು ಹಣ ಕೊಟ್ಟು ತರಿಸುವುದು ಇದನ್ನೇ. ಗಂಟುಗಂಟಾಗಿ ನೆಲದ ಮೇಲೆ ಹರಿಯುವ ಈ ಹುಲ್ಲಿನಲ್ಲಿ ನಾರು ಧಾರಾಳ, ಸಕ್ಕರೆ ಕಡಿಮೆ, ಮತ್ತು ಆಮೆ ತಲೆಬಗ್ಗಿಸಿ, ಕೊಕ್ಕಿನಂಥ ಬಾಯಿಯಿಂದ ಎಳೆದು ಹರಿದು ತಿನ್ನಬೇಕಾದ್ದರಿಂದ ಆ ಕೊಕ್ಕು ಅತಿಯಾಗಿ ಬೆಳೆಯದೆ ತಾನಾಗಿಯೇ ಸವೆಯುತ್ತದೆ. ಹೆಚ್ಚಿ ತಟ್ಟೆಯಲ್ಲಿಟ್ಟ ಮೆತ್ತನೆಯ ಸೊಪ್ಪಿನಿಂದ ಈ ಕೆಲಸವಾಗುವುದಿಲ್ಲ. ಚೌತಿಯ ಮಾರನೆಯ ದಿನ ಅಕ್ಕಪಕ್ಕದ ಮನೆಯವರು, ಗುಂಡನಿಗೆ ಆಗುತ್ತದೆ ತಗೊಳ್ಳಿ ಎಂದು ಪೂಜೆಯ ಗರಿಕೆಯನ್ನು ತಂದುಕೊಡುತ್ತಾರೆ. ಅವರ ಪ್ರೀತಿ ದೊಡ್ಡದು. ಆದರೆ ಅರಿಸಿನ, ಕುಂಕುಮ, ಎಣ್ಣೆ ತಾಗಿದ ಗರಿಕೆಯನ್ನು ನಾನು ಗೊಬ್ಬರದ ಗುಂಡಿಗೆ ಹಾಕುತ್ತೇನೆ.

ಸೌತೆಕಾಯಿಯ ರುಚಿ ಹತ್ತಿದ ಆಮೆ ಮರುದಿನದಿಂದ ಹುಲ್ಲು ತಿನ್ನುತ್ತದೆ ಎಂದು ಯಾರೂ ಭಾವಿಸಬಾರದು. ಗುಂಡ ನಾಲ್ಕು ದಿನ ಗರಿಕೆಯ ಕಡೆ ತಿರುಗಿಯೂ ನೋಡಲಿಲ್ಲ, ನಾನು ಆ ನಾಲ್ಕು ರಾತ್ರಿ ಸರಿಯಾಗಿ ಮಲಗಲೂ ಇಲ್ಲ. ಆಮೇಲೆ ಒಂದು ದಾರಿ ಸಿಕ್ಕಿತು. ಗರಿಕೆಯನ್ನು ಕತ್ತರಿಯಿಂದ ಅಕ್ಕಿಕಾಳಿನಷ್ಟು ಸಣ್ಣಗೆ ಕತ್ತರಿಸಿ, ಅದರ ಆಸೆಯ ಸೊಪ್ಪಿನ ಒದ್ದೆ ಚೂರುಗಳೊಂದಿಗೆ ಕಲಸಿ, ಮೇಲೆ ಕೆಂಪು ದಾಸವಾಳದ ಎರಡು ಎಸಳನ್ನು ಹರಡಿಟ್ಟೆ. ಕೆಂಪು ಬಣ್ಣ ಕಂಡರೆ ಆಮೆ ನೇರವಾಗಿ ಬರುತ್ತದೆ. ಎಸಳಿಗೆ ಬಾಯಿ ಹಾಕಿದಾಗ ಗರಿಕೆಯೂ ಒಳಗೆ ಹೋಗುತ್ತಿತ್ತು. ವಾರವಾರಕ್ಕೂ ಹುಲ್ಲಿನ ಪಾಲನ್ನು ಹೆಚ್ಚಿಸಿ, ಚೂರನ್ನು ಉದ್ದಮಾಡುತ್ತಾ ಹೋದ ಮೇಲೆ ಸುಮಾರು ಆರು ವಾರಕ್ಕೆ ಅದು ಹಿತ್ತಲಿನಲ್ಲಿ ತಾನೇ ಮೇಯತೊಡಗಿತು. ಹಿತ್ತಲಿನ ಮೂಲೆಯಿಂದ ಹುಲ್ಲು ಹರಿಯುವ ಕರಕರ ಸದ್ದು ಮೊದಲ ಬಾರಿ ಕೇಳಿದ ದಿನ ನಾನು ಅಣ್ಣನ ಮಗನಿಗೆ ಫೋನ್ ಹಿಡಿದು ಅದನ್ನೇ ಕೇಳಿಸಿದೆ.

ಹಾಗಾದರೆ ಮಾರುಕಟ್ಟೆಯಿಂದ ಏನು ತರಬಹುದು? ಮೊದಲನೆಯದು ಅಜ್ಜಿ ಎಸೆಯುತ್ತಿದ್ದ ಮೂಲಂಗಿ ಸೊಪ್ಪು. ಅದರಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ. ಕೋಸಿನ ಜಾತಿಯದೇ ಆದ್ದರಿಂದ ವಾರಕ್ಕೆ ಒಂದೆರಡು ಸಲ ಸಾಕು. ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆಗಳನ್ನು ರುಚಿಗೆ ಎಂಬಂತೆ ಸ್ವಲ್ಪ ಬೆರೆಸುತ್ತೇನೆ. ನುಗ್ಗೆ ಸೊಪ್ಪು ಕ್ಯಾಲ್ಸಿಯಂನ ಗಣಿಯೇ ಸರಿ, ಆದರೆ ಅದರಲ್ಲಿ ಸಸಾರಜನಕವೂ ತುಂಬ ಹೆಚ್ಚು. ಸಸಾರಜನಕದ ಕಸವನ್ನು ಆಮೆ ಯೂರಿಕ್ ಆಮ್ಲವಾಗಿ ಹೊರಹಾಕುವುದರಿಂದ, ಅದು ಹೆಚ್ಚಾಗಿ ನೀರು ಕಡಿಮೆಯಾದರೆ ಮೂತ್ರಕೋಶದಲ್ಲಿ ಕಲ್ಲು ಕಟ್ಟುತ್ತದೆ. ಹೀಗಾಗಿ ನುಗ್ಗೆಯ ಒಂದು ಸಣ್ಣ ಕಡ್ಡಿ ವಾರಕ್ಕೊಮ್ಮೆ, ಅಷ್ಟೇ. ಲೆಟ್ಯೂಸ್ ಹೆಸರಿನಲ್ಲಿ ಅಂಗಡಿಗಳಲ್ಲಿ ಸಿಗುವುದು ಬಹುಮಟ್ಟಿಗೆ ನೀರು. ಬೆರಕೆ ಸೊಪ್ಪನ್ನು ಮಾತ್ರ ಎಂದಿಗೂ ತರುವುದಿಲ್ಲ. ಹೊಲದ ಬದುವಿನಿಂದ ಕಿತ್ತ ಏಳೆಂಟು ಬಗೆಯ ಸೊಪ್ಪು ಸೇರಿದ ಆ ಕಟ್ಟಿನ ಮಸ್ಸೊಪ್ಪು ನನಗೆ ಬಹಳ ಇಷ್ಟ. ಆದರೆ ಅದರಲ್ಲಿ ಗಣಿಕೆ ಸೊಪ್ಪು ಬಂದೇ ಬರುತ್ತದೆ. ಗಣಿಕೆ ಆಲೂಗಡ್ಡೆಯ ಕುಟುಂಬಕ್ಕೆ ಸೇರಿದ್ದು. ನಾವು ಬೇಯಿಸಿ ತಿನ್ನುತ್ತೇವೆ, ಆಮೆಗೆ ಹಸಿಯಾಗಿ ಹಾಕುವುದು ಅಪಾಯ.

ಆಲೂಗಡ್ಡೆಯ ಮಾತು ಬಂದದ್ದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ. ಹಾಸನ ಆಲೂಗಡ್ಡೆಯ ಜಿಲ್ಲೆ. ಮುಂಗಾರಿನ ಆರಂಭದಲ್ಲಿ ಊರಿನ ಸುತ್ತ ಎತ್ತ ಹೋದರೂ ಆಲೂಗಡ್ಡೆಯ ಹಸಿರು ಕಾಣುತ್ತದೆ. ಅದರ ಎಲೆ, ಕಾಂಡ, ಹೂ, ಹಸಿರು ತಿರುಗಿದ ಗೆಡ್ಡೆ ಎಲ್ಲದರಲ್ಲೂ ಸೊಲನಿನ್ ಎಂಬ ವಿಷವಿದೆ. ಟೊಮೆಟೊ, ಮೆಣಸಿನಕಾಯಿ, ಬದನೆ ಗಿಡಗಳ ಎಲೆಗಳನ್ನೂ ಕೊಡಬಾರದು. ಇಷ್ಟು ಎಚ್ಚರಿಕೆ ಸುಲಭ. ಕಷ್ಟವಿರುವುದು ಆಲೂಗಡ್ಡೆ ಹೊಲದ ಬದುವಿನ ಮೇಲಿನ ಗರಿಕೆಯಲ್ಲಿ. ಅಂಗಮಾರಿ ರೋಗಕ್ಕೆ ಹೆದರಿ ರೈತರು ಮೋಡ ಮುಸುಕಿದಾಗಲೆಲ್ಲ ಶಿಲೀಂಧ್ರನಾಶಕ ಸಿಂಪಡಿಸುತ್ತಾರೆ. ಒಮ್ಮೆ ಬೆಳೆ ನೆಲಕಚ್ಚಿದರೆ ಆ ವರ್ಷದ ದುಡಿಮೆಯೇ ಹೋಗುವಾಗ ಅವರನ್ನು ದೂರುವಂತಿಲ್ಲ. ಆದರೆ ಆ ಸಿಂಪಡಣೆ ಬದುವಿನ ಹುಲ್ಲಿನ ಮೇಲೂ ಕೂರುತ್ತದೆ. ಅದಕ್ಕಿಂತ ಭಯದ್ದು ಕಳೆನಾಶಕ. ಕಾಫಿ ತೋಟಗಳಲ್ಲಿ, ರಸ್ತೆಯಂಚಿನಲ್ಲಿ, ಖಾಲಿ ನಿವೇಶನಗಳಲ್ಲಿ ಈಗ ಕುಡುಗೋಲಿನ ಬದಲಿಗೆ ಕಳೆ ಔಷಧಿ ಹೊಡೆಯುವುದೇ ಹೆಚ್ಚು. ಗ್ಲೈಫೋಸೇಟ್ ಹೊಡೆದ ಹುಲ್ಲು ಕೂಡಲೇ ಹಳದಿಯಾಗುವುದಿಲ್ಲ, ಹಲವು ದಿನ ಹಸಿರಾಗಿಯೇ ನಿಂತಿರುತ್ತದೆ. ಕಣ್ಣಿಗೆ ಸೊಂಪಾಗಿ ಕಂಡದ್ದನ್ನು ಕೊಯ್ದು ತಂದರೆ ವಿಷವನ್ನೇ ತಂದ ಹಾಗೆ. ನೆಲದ ಒಡೆಯರನ್ನು ಕೇಳದೆ ನಾನು ಎಲ್ಲಿಯೂ ಹುಲ್ಲು ಕೊಯ್ಯುವುದಿಲ್ಲ.

ಮಾರುಕಟ್ಟೆಯ ಸೊಪ್ಪನ್ನು ಬೇರಿನ ಕಡೆ ಕತ್ತರಿಸಿ, ಎಲೆಯೆಲೆ ಬಿಡಿಸಿ, ಅಗಲವಾದ ಪಾತ್ರೆಯಲ್ಲಿ ಕಾಲು ಗಂಟೆ ನೆನೆಹಾಕಿ, ಎರಡು ಸಲ ನೀರು ಬದಲಿಸಿ, ಕೊನೆಗೆ ನಲ್ಲಿಯ ಕೆಳಗೆ ತೊಳೆಯುತ್ತೇನೆ. ಇದರಿಂದ ಮಣ್ಣು, ಎಲೆಯ ಮೇಲೆ ಕೂತ ಔಷಧಿಯ ಒಂದಷ್ಟು ಅಂಶ ಹೋಗುತ್ತದೆ. ಗಿಡದ ಬೇರಿನಿಂದ ಹೀರಿಕೊಂಡು ಎಲೆಯೊಳಗೇ ಸೇರಿಹೋಗುವ ಅಂತರ್ವ್ಯಾಪಿ ಕೀಟನಾಶಕ ಮಾತ್ರ ಉಪ್ಪುನೀರಿಗೂ ಹೋಗದು, ಅರಿಸಿನದ ನೀರಿಗೂ ಹೋಗದು. ತೊಳೆದರೆ ಎಲ್ಲವೂ ಶುದ್ಧ ಎಂಬ ನಮ್ಮ ಮನೆಮನೆಯ ನಂಬಿಕೆ ಇಲ್ಲಿ ನಡೆಯುವುದಿಲ್ಲ. ನಾನು ಹಿತ್ತಲಿನಲ್ಲಿ ಬೆಳೆಯಲು ಹೊರಟದ್ದು ಈ ಕಾರಣದಿಂದಲೇ.

ನಮ್ಮ ಹಿತ್ತಲು ದೊಡ್ಡದೇನಲ್ಲ; ಹನ್ನೆರಡಡಿ ಅಗಲ, ಇಪ್ಪತ್ತಡಿ ಉದ್ದ. ಅದನ್ನು ಇಟ್ಟಿಗೆಯ ಸಾಲಿನಿಂದ ಎರಡು ಭಾಗ ಮಾಡಿ ಎರಡರಲ್ಲೂ ಗರಿಕೆಯ ಗಂಟುಗಳನ್ನು ಗೇಣಿಗೊಂದರಂತೆ ನೆಟ್ಟೆ. ಗುಂಡ ಒಂದು ಭಾಗದಲ್ಲಿ ಮೇಯುವಾಗ ಇನ್ನೊಂದು ಭಾಗ ಮೂರು ವಾರ ಚಿಗುರುತ್ತದೆ. ಸುಲ್ಕಾಟ ನೆಲ ಬಗೆಯುವ ಜಾತಿಯಾದ್ದರಿಂದ ಇಟ್ಟಿಗೆಯನ್ನು ಮೇಲೆ ಜೋಡಿಸಿದರೆ ಸಾಲದು, ಒಂದಡಿ ಆಳಕ್ಕೆ ಹೂಳಬೇಕು. ಬೇಲಿಯ ಉದ್ದಕ್ಕೂ ದಾಸವಾಳ. ಅದರ ಎಲೆ, ಹೂ ಎರಡೂ ಗುಂಡನಿಗೆ ಆಗುತ್ತವೆ. ಹೂವಿನಂಗಡಿಯ ಗುಲಾಬಿ, ಸೇವಂತಿಗೆಗಳಿಗೆ ಎಷ್ಟು ಸಲ ಔಷಧಿ ಬಿದ್ದಿರುತ್ತದೆಂದು ಹೇಳಲಾಗದು. ಆದ್ದರಿಂದ ಮನೆಯ ಗಿಡದ್ದಲ್ಲದ ಹೂವನ್ನು ನಾನು ಕೊಡುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಉಪಕಾರ ಮಾಡಿದ್ದು ಹಿಪ್ಪುನೇರಳೆ. ಚನ್ನರಾಯಪಟ್ಟಣದ ಹತ್ತಿರ ರೇಷ್ಮೆ ಸಾಕುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಜೂನ್ ತಿಂಗಳಲ್ಲಿ ಬಲಿತ ಕಡ್ಡಿಗಳನ್ನು ತಂದುಕೊಟ್ಟ. ಮೂರು ನಾಲ್ಕು ಕಣ್ಣುಗಳಿರುವಂತೆ ತುಂಡುಮಾಡಿ, ಒಂದು ಕಣ್ಣು ಮಾತ್ರ ಮೇಲೆ ಕಾಣುವಂತೆ ಓರೆಯಾಗಿ ನೆಟ್ಟರೆ ಮಳೆಗೇ ಚಿಗುರುತ್ತದೆ. ಹನ್ನೆರಡು ಕಡ್ಡಿಯಲ್ಲಿ ಒಂಬತ್ತು ಹತ್ತಿದವು. ಮೊಣಕಾಲೆತ್ತರಕ್ಕೆ ಸವರಿದಂತೆಲ್ಲ ಪೊದೆಯಾಗಿ ಬೆಳೆಯುತ್ತದೆ. ರೇಷ್ಮೆಹುಳು ಮೇಯುವ ತೋಟದಲ್ಲಿ ಔಷಧಿಯ ಬಗ್ಗೆ ಜನ ಎಚ್ಚರವಾಗಿಯೇ ಇರುತ್ತಾರೆ, ಹಾಗಿದ್ದರೂ ಎಲೆ ತರುವ ಮೊದಲು ಯಾವಾಗ ಏನು ಹೊಡೆದಿರಿ ಎಂದು ಕೇಳುವುದು ಒಳ್ಳೆಯದು. ಅರಸೀಕೆರೆಯ ಕಡೆಯ ಒಣ ನೆಲದ ಬೇಲಿಗಳಲ್ಲಿ ಪಾಪಾಸುಕಳ್ಳಿ ಧಾರಾಳವಾಗಿದೆ. ಅದರ ಎಳೆಯ ಹಲಗೆಯಲ್ಲಿ ಕ್ಯಾಲ್ಸಿಯಂ, ನಾರು, ನೀರು ಮೂರೂ ಇವೆ. ದೊಡ್ಡ ಮುಳ್ಳಿಗಿಂತ ಕಣ್ಣಿಗೆ ಕಾಣದ ಸಣ್ಣ ನವಿರು ಮುಳ್ಳು ಹೆಚ್ಚು ತೊಂದರೆಯದ್ದು. ಇಕ್ಕಳದಲ್ಲಿ ಹಿಡಿದು ಒಲೆಯ ಉರಿಯಲ್ಲಿ ಸುಟ್ಟು, ಒರಟು ಬಟ್ಟೆಯಿಂದ ಉಜ್ಜಿ ತೊಳೆದು, ವಾರಕ್ಕೊಂದು ತುಂಡು ಕೊಡುತ್ತೇನೆ.

ಹಿತ್ತಲಿನಿಂದ ತೆಗೆದುಹಾಕಬೇಕಾದ ಗಿಡಗಳೂ ಇದ್ದವು. ಪೂಜೆಗೆಂದು ಅಮ್ಮ ನೆಟ್ಟಿದ್ದ ಕಣಗಿಲೆಯನ್ನು ಕೀಳುವಾಗ ಮನಸ್ಸಿಗೆ ಬೇಸರವಾಯಿತು, ಆದರೆ ಅದರ ಎಲೆ ಹೃದಯವನ್ನೇ ನಿಲ್ಲಿಸುವ ವಿಷ. ಎಕ್ಕ, ಉಮ್ಮತ್ತಿ, ಹರಳು, ಲಂಟಾನ, ಪಾರ್ಥೇನಿಯಂ, ಕೆಸು ಯಾವುದೂ ಆಮೆಯ ಬಾಯಿಗೆ ಸಿಗುವಷ್ಟು ಹತ್ತಿರ ಇರಬಾರದು. ಎಲೆಯ ಅಂಚಿನಲ್ಲೇ ಮರಿಗಿಡ ಮೂಡುವ ಕಾಡುಬಸಳೆಯನ್ನು ಮೂತ್ರದ ಕಲ್ಲಿಗೆ ಒಳ್ಳೆಯದೆಂದು ಅನೇಕರು ಕುಂಡದಲ್ಲಿ ಬೆಳೆಸುತ್ತಾರೆ. ಅದರಲ್ಲೂ ಹೃದಯಕ್ಕೆ ತಾಗುವ ವಿಷವಿದೆ. ಸಕಲೇಶಪುರ, ಚಿಕ್ಕಮಗಳೂರು ಕಡೆಯ ತೋಟದ ಮನೆಗಳಲ್ಲಿರುವವರು ಬೆಣ್ಣೆಹಣ್ಣಿನ ಮರದ ಎಲೆ ಉದುರುವ ಜಾಗದಲ್ಲಿ ಆಮೆಯನ್ನು ಬಿಡಬಾರದು. ಎಳೆಯ ಜೋಳದ ಪೈರು ತಿಂದು ದನ ಸತ್ತ ಕತೆಯನ್ನು ನಮ್ಮ ಹಳ್ಳಿಗಳಲ್ಲಿ ಕೇಳದವರಿಲ್ಲ. ಅದರಲ್ಲಿರುವ ಸಯನೈಡ್ ಆಮೆಗೂ ಅಷ್ಟೇ ಮಾರಕ.

ಮೇವು ಸರಿಯಾದರೂ ಬಿಸಿಲಿಲ್ಲದಿದ್ದರೆ ಪ್ರಯೋಜನವಿಲ್ಲ ಎಂಬುದು ನನಗೆ ಎರಡನೆಯ ಪಾಠವಾಯಿತು. ಸೂರ್ಯನ ಬೆಳಕಿನಲ್ಲಿರುವ ಅತಿನೇರಳೆ ಬಿ ಕಿರಣ ಚರ್ಮದ ಮೇಲೆ ಬಿದ್ದಾಗ ಡಿ3 ಜೀವಸತ್ವ ತಯಾರಾಗುತ್ತದೆ, ಅದಿಲ್ಲದೆ ಕರುಳು ಕ್ಯಾಲ್ಸಿಯಂ ಹೀರಿಕೊಳ್ಳದು. ಕಿಟಕಿಯ ಗಾಜು ಬೆಳಕನ್ನು ಬಿಟ್ಟುಕೊಂಡರೂ ಈ ಕಿರಣವನ್ನು ತಡೆಯುತ್ತದೆ. ಮೊದಲ ಮಳೆಗಾಲದಲ್ಲಿ ಗುಂಡನನ್ನು ನಾನು ಗಾಜಿನ ಹಿಂದೆ ಬೆಚ್ಚಗೆ ಇಟ್ಟಿದ್ದೆ. ಇದಲ್ಲದೆ ಆಮೆಯ ಮೈಗೆ ತನ್ನದೇ ಕಾವಿಲ್ಲ. ಮೈ ಬಿಸಿಯಾಗದೆ ಅದರ ಕರುಳಿನ ಕೆಲಸ ನಡೆಯದು. ಬೆಳಿಗ್ಗೆ ಬಿಸಿಲು ಕಾಯಿಸಿದ ಮೇಲೆಯೇ ಮೇವು. ಸಂಜೆ ನಾಲ್ಕರ ನಂತರ ಮೇವಿಲ್ಲ, ತಣ್ಣಗಾದ ಹೊಟ್ಟೆಯಲ್ಲಿ ಅದು ಕೊಳೆಯುತ್ತದೆ. ಹಾಸನ ಸಮುದ್ರಮಟ್ಟದಿಂದ ಸಾವಿರ ಮೀಟರಿಗೆ ಹತ್ತಿರವಿರುವ ಊರು. ಆಷಾಢದ ಮೋಡಕ್ಕೂ ಮಾರ್ಗಶಿರದ ಚಳಿಗೂ ಸಹಾರಾದಂಚಿನ ಪ್ರಾಣಿ ಹೊಂದಿಕೊಳ್ಳಲಾರದು. ಆ ತಿಂಗಳುಗಳಲ್ಲಿ ಒಳಗೆ ಕಾವಿನ ದೀಪವೂ ಅತಿನೇರಳೆ ಬಿ ಕಿರಣದ ದೀಪವೂ ಉರಿಯುತ್ತವೆ. ಕಿರಣದ ದೀಪ ಹೊಳೆಯುತ್ತಿದ್ದರೂ ಶಕ್ತಿ ಕುಂದುವುದರಿಂದ ವರ್ಷಕ್ಕೊಮ್ಮೆ ಬದಲಿಸುತ್ತೇನೆ.

ಕ್ಯಾಲ್ಸಿಯಂಗೆಂದು ಎಲೆಗೆ ಸ್ವಲ್ಪ ಸುಣ್ಣ ಸವರಿ ಎಂದು ಹೇಳಿದವರಿದ್ದಾರೆ. ವೀಳ್ಯದೆಲೆಯ ಸುಣ್ಣ ಬಾಯಿಯನ್ನು ಸುಡುತ್ತದೆ, ದಯವಿಟ್ಟು ಯಾರೂ ಹಾಗೆ ಮಾಡಬಾರದು. ಗ್ರಂಥಿಗೆ ಅಂಗಡಿಯಲ್ಲಿ ಸಮುದ್ರನೊರೆ ಎಂದು ಕೇಳಿದರೆ ಕೊಡುವ ಬಿಳಿಯ ಹಗುರ ತುಂಡು ಒಂದು ಬಗೆಯ ಕಡಲಜೀವಿಯ ಒಳಮೂಳೆ, ಹೆಚ್ಚುಕಡಿಮೆ ಪೂರ್ತಿ ಕ್ಯಾಲ್ಸಿಯಂ ಕಾರ್ಬೋನೇಟ್. ಅದನ್ನು ಗುಂಡನ ಜಾಗದಲ್ಲಿ ಇಟ್ಟುಬಿಟ್ಟಿದ್ದೇನೆ, ಬೇಕೆನಿಸಿದಾಗ ಬಂದು ಕಡಿಯುತ್ತದೆ. ದಿನ ಬಿಟ್ಟು ದಿನ ಉಗುರುಬೆಚ್ಚಗಿನ ನೀರಿನಲ್ಲಿ, ಗಲ್ಲ ಮುಳುಗದಷ್ಟು ಆಳದಲ್ಲಿ, ಇಪ್ಪತ್ತು ನಿಮಿಷ ಕೂರಿಸುತ್ತೇನೆ. ಚಿಪ್ಪು ಗೋಪುರಗಳಂತೆ ಉಬ್ಬುವುದಕ್ಕೆ ಹೆಚ್ಚಿನ ಸಸಾರಜನಕವೇ ಕಾರಣವೆಂದು ಹಿಂದೆ ಹೇಳುತ್ತಿದ್ದರು. ಸುಲ್ಕಾಟ ಮರಿಗಳ ಮೇಲೆಯೇ ನಡೆಸಿ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅದಕ್ಕಿಂತ ಒಣ ಗಾಳಿಯೇ ಮುಖ್ಯ ಕಾರಣವೆಂದು ಕಂಡುಬಂತು. ಮರುಭೂಮಿಯ ಅಂಚಿನ ಪ್ರಾಣಿಗೂ ಮರಿಯಾಗಿದ್ದಾಗ ತೇವ ಬೇಕು.

ಗುಂಡನ ಚಿಪ್ಪು ಗಟ್ಟಿಯಾಗಲು ಹದಿನಾಲ್ಕು ತಿಂಗಳು ಹಿಡಿಯಿತು. ಮೊದಲ ವರ್ಷದ ಸಾಲುಗಳಲ್ಲಿ ಚಿಪ್ಪು ಸ್ವಲ್ಪ ತಗ್ಗಿದೆ, ಅದು ಇನ್ನು ಹಾಗೆಯೇ ಇರುತ್ತದೆ. ಅದರ ಸುತ್ತ ಹೊಸದಾಗಿ ಬೆಳೆದ ಭಾಗ ನುಣುಪಾಗಿದೆ. ಕಳೆದ ಭಾನುವಾರ ತಕ್ಕಡಿಯಲ್ಲಿಟ್ಟಾಗ 6 ಕಿಲೋ 400 ಗ್ರಾಂ ತೂಗಿತು.

ಈಗ ರೋಹಿಣಿ ಮಳೆ ನಡೆಯುತ್ತಿದೆ. ಒಮ್ಮೆ ಮೃಗಶಿರಾ ಹಿಡಿದು ಆರಿದ್ರಾ ಸೇರಿಕೊಂಡರೆ ಗರಿಕೆ ದಿನವಿಡೀ ಒದ್ದೆ, ಗುಂಡ ಒಳಗೆ. ಅದಕ್ಕಾಗಿ ಈ ವಾರವೆಲ್ಲ ಮಳೆಗಾಲದ ದಾಸ್ತಾನಿನ ಕೆಲಸ. ರಾಗಿ ಹುಲ್ಲನ್ನು ಮೆದೆಯ ನಡುವಿನಿಂದ ತರಿಸಿದ್ದೇನೆ. ತಳದ ಹುಲ್ಲಿಗೆ ಬೂಷ್ಟು ಹಿಡಿದಿರುತ್ತದೆ, ಮೂಸಿ ನೋಡಿದರೆ ತಿಳಿಯುತ್ತದೆ. ಹಿಪ್ಪುನೇರಳೆ ಎಲೆಯನ್ನು ಜಗಲಿಯ ನೆರಳಿನಲ್ಲಿ ಹಳೆಯ ಪಂಚೆಯ ಮೇಲೆ ಹರಡಿ, ಮುರಿದರೆ ಪುಡಿಯಾಗುವಷ್ಟು ಒಣಗಿಸಿ, ಡಬ್ಬಿಗೆ ತುಂಬುತ್ತಿದ್ದೇನೆ. ಅದನ್ನು ನೀರು ಚಿಮುಕಿಸಿ ಹುಲ್ಲಿಗೆ ಬೆರೆಸಿದರೆ ಗುಂಡ ಹಸಿ ಎಲೆಯಷ್ಟೇ ಆಸೆಯಿಂದ ತಿನ್ನುತ್ತದೆ. ಎರಡು ಡಬ್ಬಿ ತುಂಬಿವೆ, ಮೂರನೆಯದು ಅರ್ಧವಾಗಿದೆ. ನಾಳೆ ಬೆಳಿಗ್ಗೆ ಬಿಸಿಲು ಬಂದರೆ ಪೂರ್ವದ ಸಾಲಿನ ನಾಲ್ಕು ಗಿಡಗಳನ್ನು ಸವರಬೇಕು.